ಗೇಟಿಗಿಂತ ಎತ್ತರವಾದ ಗಾಡಿಮನೆ

ನಮ್ಮ ಅಂಗಡಿಗೆ ನೆಟ್ಟಗಿನ ಕೆಲಸ ಅಂತ ಒಂದೂ ಬರುವುದಿಲ್ಲ. ಬೋರ್ಡಿನ ಮೇಲೆ ‘ಗ್ರಿಲ್ ಮತ್ತು ಗೇಟ್’ ಅಂತ ದಪ್ಪ ಅಕ್ಷರದಲ್ಲಿ ಬರೆಸಿದ್ದೇನೆ. ಆದರೂ ಬಾಲ್ಕನಿಗೆ ಸರಳು ಕೇಳಲು ಬಂದವರೊಬ್ಬರು ಬೆಕ್ಕಿಗೆ ಎರಡಂತಸ್ತಿನ ಮನೆ ಮಾಡಿಸಿಕೊಂಡು ಹೋದರು. ಗೇಟಿನ ಅಳತೆ ಕೊಡಲು ಬಂದ ಇನ್ನೊಬ್ಬರು ಅತ್ತೆಯವರ ವಾಕರಿಗೆ ಬ್ರೇಕ್ ಹಾಕಿಸಿಕೊಂಡು, ಗೇಟನ್ನು ಮರೆತೇಬಿಟ್ಟರು. ಯಾಕೆ ನಮ್ಮಲ್ಲೇ ಹೀಗೆ ಅಂತ ನಾನು ಯೋಚಿಸುವುದನ್ನು ಬಿಟ್ಟು ಬಹಳ ದಿನ ಆಯಿತು.

ಅಂಗಡಿ ಇರುವುದು ಸಾರಕ್ಕಿ ಮಾರ್ಕೆಟ್ಟಿನ ಹಿಂದಿನ ಅಡ್ಡರಸ್ತೆಯಲ್ಲಿ. ಮೊದಲು ಅದು ನಮ್ಮ ದನದ ಕೊಟ್ಟಿಗೆ. ಹೊಲ ಹೋಗಿ ಲೇಔಟ್ ಆದಮೇಲೆ ದನ ಹೋದವು, ನಾನು ವೆಲ್ಡಿಂಗ್ ಮಿಷನ್ ತಂದೆ. ಅಪ್ಪ ಮಾತ್ರ ಜಾಗ ಬದಲಾಯಿಸಲಿಲ್ಲ. ಎಂಬತ್ತು ದಾಟಿದ್ದರೂ ಬೆಳಿಗ್ಗೆ ಕಾಫಿ ಕುಡಿದು ಬಂದು ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಒಳಗೆ ಏನೇ ನಡೆದರೂ ಅವರ ಅಭಿಪ್ರಾಯ ಹೊರಗಿನಿಂದ ಬಂದು ಸೇರುತ್ತದೆ. ಈ ಕಥೆಯಲ್ಲೂ ಹಾಗೇ ಆಯಿತು.

ಮನೆಗೆ ಚಕ್ರ ಇತ್ತು

ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಜೋರಾಗಿ ಸೀಟಿ ಊದಿದ ಸದ್ದು. ಟ್ರಾಫಿಕ್ಕಿನವರು ಬಂದರೇನೋ ಅಂತ ರಸ್ತೆಯಲ್ಲಿ ನಿಲ್ಲಿಸಿದ್ದ ಸ್ಕೂಟರ್ ತೆಗೆಯಲು ಓಡಿದೆ. ನೋಡಿದರೆ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿದ ಮೇಡಂ ಒಬ್ಬರು ನಡುರಸ್ತೆಯಲ್ಲಿ ನಿಂತು ಒಂದು ಕಾರನ್ನು ಹಿಂದಕ್ಕೆ ಬಿಡಿಸುತ್ತಿದ್ದಾರೆ. ಕಾರಿನ ಬೆನ್ನಿಗೆ ಒಂದು ಪುಟ್ಟ ಬಿಳಿ ಮನೆ. ಕಿಟಕಿ, ಪರದೆ, ಬಾಗಿಲು, ಹತ್ತಲು ಒಂದು ಮೆಟ್ಟಿಲು. ಕೆಳಗೆ ಎರಡು ಚಕ್ರ.

"ಕಿಟಕಿಗೆ ಗ್ರಿಲ್ಲಾ ಮೇಡಂ? ನವಿಲು, ಸೂರ್ಯ, ಡೈಮಂಡು, ಮೂರು ಡಿಸೈನ್ ಇದೆ" ಅಂದೆ.

"ಗ್ರಿಲ್ ಬೇಡ. ಇದು ಬೆಟ್ಟ ಹತ್ತಬೇಕು" ಅಂದರು.

ಮೇಡಂ ತ್ಯಾಗರಾಜನಗರದವರು, ಸ್ಕೂಲಿನಲ್ಲಿ ಪಿಟಿ ಟೀಚರ್ ಆಗಿ ರಿಟೈರ್ ಆದವರು. ಕಾರು ಓಡಿಸುತ್ತಿದ್ದವರು ಅವರ ಯಜಮಾನರು, ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದವರು. ಕನಕಪುರದ ಆಚೆ ಒಂದು ಬೋಳು ಬೆಟ್ಟ ಇದೆಯಂತೆ. ಮದುವೆಯಾದ ಹೊಸದರಿಂದ ಪ್ರತಿ ವರ್ಷ ಇಬ್ಬರೂ ಅಲ್ಲಿ ಹೋಗಿ ಬಂಡೆಯ ಮೇಲೆ ಜಮಖಾನ ಹಾಸಿ ಮಲಗಿ ಬರುತ್ತಿದ್ದರಂತೆ. ಈಗ ಐದು ವರ್ಷದಿಂದ ಹೋಗಿಲ್ಲ, ಯಜಮಾನರ ಮಂಡಿ ಕೈಕೊಟ್ಟಿದೆ.

"ನೆಲದ ಮೇಲೆ ಮಲಗೋಕೇನೂ ಕಷ್ಟ ಇಲ್ಲ. ಏಳೋಕೆ ಕ್ರೇನ್ ತರಿಸ್ಬೇಕು" ಅಂದರು ಯಜಮಾನರು.

ಅದಕ್ಕೇ ಮೇಡಂ ಯಾರೋ ಬಳಸಿ ಬಿಟ್ಟಿದ್ದ ಈ ಟ್ರೇಲರನ್ನು ಕೊಂಡಿದ್ದರು. ಒಳಗೆ ಒಳ್ಳೆ ಮಂಚ, ಪುಟ್ಟ ಒಲೆ, ಬ್ಯಾಟರಿ ಫ್ಯಾನ್, ಹೊರಗೆ ಕೈ ತೊಳೆಯಲು ಒಂದು ನಲ್ಲಿ. ಒಂದೇ ತೊಂದರೆ, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ತ್ಯಾಗರಾಜನಗರದಿಂದ ಬರುವಾಗ ರಸ್ತೆಯ ಪ್ರತಿ ಹಂಪ್‌ಗೂ ಕೆಳಗೆ ಉಜ್ಜಿಸಿಕೊಂಡು ಬಂದಿತ್ತು.

"ಎತ್ತರ ಮಾಡ್ಬೇಕು, ದೊಡ್ಡ ಚಕ್ರ ಹಾಕ್ಬೇಕು, ಕಲ್ಲು ಹೊಡೆದ್ರೆ ತಡ್ಕೋಬೇಕು. ಆಗತ್ತಾ?"

ಆಗತ್ತೆ ಅಂದುಬಿಟ್ಟೆ. ನನ್ನ ಬಾಯಿಗೆ ಯಾವತ್ತೂ ತಲೆಗಿಂತ ಅವಸರ.

ಯಜಮಾನರು ಕನ್ನಡಕದ ಮೇಲಿಂದ ನೋಡಿದರು. "ಇಂಥದ್ದು ಮೊದಲು ಮಾಡಿದೀರಾ?"

"ಇಲ್ಲ ಸಾರ್. ನೀವು ಇಂಥದ್ರಲ್ಲಿ ಮೊದಲು ಮಲಗಿದೀರಾ?"

"ಇಲ್ಲ."

"ಹಂಗಾದ್ರೆ ಇಬ್ರೂ ಒಟ್ಟಿಗೆ ಕಲಿಯೋಣ ಬಿಡಿ ಸಾರ್."

ಸೀಮೆಸುಣ್ಣದ ಗೀಟು

ಇಲ್ಲಿ ನನ್ನ ಹೆಂಡತಿಯ ವಿಷಯ ಹೇಳಬೇಕು. ಈಗ ಎಲ್ಲರೂ ಕಿಟಕಿಯನ್ನು ಗ್ರಿಲ್ ಸಮೇತ ರೆಡಿಮೇಡ್ ತರುತ್ತಾರೆ. ನನ್ನ ಅಂಗಡಿಯಲ್ಲಿ ಕಿಡಿಗಿಂತ ನೊಣ ಜಾಸ್ತಿಯಾಗಿತ್ತು. ಹಾಗಾಗಿ ಅಂಗಡಿ ಮುಚ್ಚಿ ಜಾಗವನ್ನು ಒಬ್ಬ ಹೋಟೆಲಿನವರಿಗೆ ಬಾಡಿಗೆಗೆ ಕೊಡಬೇಕು ಅಂತ ಅವಳ ಹಟ. ಅವರು ಇಲ್ಲೊಂದು ದರ್ಶಿನಿ ತೆರೆಯುವ ಆಸೆಯಿಂದ ವಾರಕ್ಕೆರಡು ಸಲ ಟೇಪು ಹಿಡಿದು ಬರುತ್ತಿದ್ದರು. ಒಳ್ಳೆಯ ಮನುಷ್ಯ, ಭಾರಿ ಆಳು. ನಾನು ಕೆಲಸ ಮಾಡುತ್ತಿರುವಾಗಲೇ ನನ್ನ ಸುತ್ತ ಅಳತೆ ತೆಗೆಯುತ್ತಿದ್ದರು.

"ಅಣ್ಣ, ಸ್ವಲ್ಪ ಈ ಕಡೆ ಸರೀರಿ. ನೀವು ನಿಂತಿರೋದು ಕಾವಲಿ ಇಡೋ ಜಾಗ."

ಟ್ರೇಲರ್ ಬಂದ ದಿನವೂ ಬಂದಿದ್ದರು. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಚೌಕ ಎಳೆದು, ಅದರೊಳಗೆ ‘ಕೈ ತೊಳೆಯುವ ಜಾಗ’ ಅಂತ ಬರೆದರು. ನನಗೆ ರೇಗಿಹೋಯಿತು. ಇನ್ನು ಗ್ರಿಲ್ ಕಾಲ ಹೋಯಿತು, ಇಂಥ ಗಾಡಿಗಳ ಕಾಲ ಬಂತು, ಈ ಅಂಗಡಿ ಇನ್ನೂ ಇಪ್ಪತ್ತು ವರ್ಷ ನಡೆಯುತ್ತದೆ ಅಂತ ಕೂಗಾಡಿದೆ.

ಹೆಂಡತಿ ಸೊಪ್ಪು ಬಿಡಿಸುತ್ತಾ ತಣ್ಣಗೆ ಹೇಳಿದಳು. "ಸರಿ. ಈ ಗಾಡಿ ಬೆಟ್ಟ ಹತ್ತಿ, ತನ್ನ ಚಕ್ರದ ಮೇಲೆ ತಾನೇ ನಿಂತ್ಕೊಂಡು ವಾಪಸ್ ಬಂದ್ರೆ ಅಂಗಡಿ ನಿಮ್ದು. ಇನ್ನೊಂದು ಮಾತು ಆಡಲ್ಲ. ಲಾರಿ ಮೇಲೆ ಮಲಗ್ಕೊಂಡು ಬಂದ್ರೆ ಅವತ್ತೇ ಬೀಗದ ಕೈ ಇವ್ರಿಗೆ."

ಅಪ್ಪನನ್ನು ಸಾಕ್ಷಿ ಮಾಡಿದಳು. ಅಪ್ಪ ನನ್ನ ಕಡೆಯವರು ಅಂದುಕೊಂಡಿದ್ದೆ. ಅವರು ಹೋಟೆಲಿನವರ ಕಡೆ ತಿರುಗಿ ಕೇಳಿದರು: "ನಿಮ್ದ್ರಲ್ಲಿ ರಾಗಿ ಮುದ್ದೆ ಇರ್ತದಾ?"

ಹೊಟ್ಟೆಯಡಿ ನವಿಲು

ಕೆಲಸ ಶುರುವಾಯಿತು. ಅಚ್ಚಿನ ಕೆಳಗಿದ್ದ ಸ್ಪ್ರಿಂಗ್ ಪಟ್ಟಿಗಳನ್ನು ತೆಗೆದು ಅಚ್ಚಿನ ಮೇಲೆ ಕೂರಿಸಿದೆವು. ಅಷ್ಟಕ್ಕೇ ಗಾಡಿ ಸೊಂಟ ನೆಟ್ಟಗೆ ಮಾಡಿತು. ಜೀಪಿನ ದಪ್ಪ ಚಕ್ರ ಬಂತು. ಕಾರಿಗೆ ಸಿಗಿಸುವ ಗುಂಡು ಕೊಂಡಿ ತೆಗೆದು, ಹೇಗೆ ಬೇಕಾದರೂ ತಿರುಗುವ ದಪ್ಪ ಉಕ್ಕಿನ ಬಳೆ ಹಾಕಿದೆ. ಕಾರು ಈ ಕಡೆ ವಾಲಿ, ಗಾಡಿ ಆ ಕಡೆ ವಾಲಿದರೂ ಒಂದನ್ನೊಂದು ತಿರುಚಬಾರದು, ಅದಕ್ಕೆ.

ಕಲ್ಲು ಹೊಡೆಯದಂತೆ ಹೊಟ್ಟೆಗೆ ಒಂದು ಕಾವಲು ಜಾಲರಿ ಬೇಕಿತ್ತು. ಅದನ್ನು ನಮ್ಮ ಹಳೆಯ ವೆಲ್ಡರಿಗೆ ಬಿಟ್ಟೆ. ನನ್ನ ಜೊತೆ ಇಪ್ಪತ್ತು ವರ್ಷದಿಂದ ಇರುವವನು, ಮಾತು ಕಡಿಮೆ, ಕೈ ಬಂಗಾರ. ನಾನು ಬನಶಂಕರಿಗೆ ಬೋಲ್ಟ್ ತರಲು ಹೋಗಿ ಬರುವಷ್ಟರಲ್ಲಿ ಮುಗಿಸಿ ಕೂರಿಸಿಬಿಟ್ಟಿದ್ದ.

ಸಂಜೆ ಮೇಡಂ ಕೆಲಸ ನೋಡಲು ಬಂದರು. ಮೇಲಿಂದ ನೋಡಿ ಹೋಗುವ ಜಾತಿಯವರಲ್ಲ. ಗೋಣಿಚೀಲ ಹಾಸಿ, ಸೆರಗು ಸಿಕ್ಕಿಸಿ, ಟಾರ್ಚ್ ಹಿಡಿದು ಗಾಡಿಯಡಿಗೆ ನುಗ್ಗಿದರು. ಟಾರ್ಚಿನ ಬೆಳಕು ಆ ಕಡೆ ಈ ಕಡೆ ಓಡಾಡಿತು. ಆಮೇಲೆ ಒಳಗಿನಿಂದ ಧ್ವನಿ.

"ಇಲ್ಲಿ ಎರಡು ನವಿಲು ಇವೆ."

ನಾನೂ ಬಗ್ಗಿ ನೋಡಿದೆ. ನಿಜ. ದಪ್ಪ ಕಂಬಿಯಲ್ಲಿ, ಗರಿ ಬಿಚ್ಚಿಕೊಂಡು ಎದುರುಬದುರು ನಿಂತ ಎರಡು ನವಿಲು, ನಡುವೆ ಹೂವಿನ ಕುಂಡ. ಇಪ್ಪತ್ತು ವರ್ಷ ಕಿಟಕಿಗೆ ನವಿಲು ಬಗ್ಗಿಸಿದ ಕೈ, ಕಂಬಿ ಸಿಕ್ಕಿದ ಕೂಡಲೇ ತನ್ನ ಪಾಡಿಗೆ ತಾನು ನವಿಲು ಮಾಡಿಬಿಟ್ಟಿದೆ. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

"ಅಲ್ಲಪ್ಪಾ, ಗಾಡಿ ಕೆಳಗೆ ನವಿಲು ಯಾರು ನೋಡ್ತಾರೆ? ಬರೀ ಕಲ್ಲು ತಾನೇ?" ಅಂದರು ಮೇಡಂ.

ವೆಲ್ಡರ್ ಕನ್ನಡಕ ಹಣೆಗೇರಿಸಿ, ಅವತ್ತಿನ ಮೊದಲ ಮಾತು ಆಡಿದ. "ಕಲ್ಲೂ ನೋಡ್ಲಿ ಬಿಡಿ ಮೇಡಂ. ಪಾಪ, ಅದಕ್ಕೆ ಯಾರು ತೋರಿಸ್ತಾರೆ?"

ಮೂರು ಬೆರಳು

ಈಗ ಹೇಳುವುದನ್ನು ನಾನು ಬೇರೆ ಯಾರ ಬಾಯಲ್ಲೂ ಕೇಳಿಸಿಕೊಳ್ಳಲಾರೆ, ಅದಕ್ಕೇ ನಾನೇ ಹೇಳಿಬಿಡುತ್ತೇನೆ. ಮೂವತ್ತು ವರ್ಷದಿಂದ ಈ ಕಡೆಯ ಅರ್ಧ ಊರಿಗೆ ಗೇಟು ಮಾಡಿಕೊಟ್ಟವನು ನಾನು. ಗೇಟಿನ ಅಳತೆ ನನಗೆ ಕಣ್ಣಂದಾಜಿನಲ್ಲೇ ಗೊತ್ತು. ಅಂಥ ನಾನು, ನನ್ನದೇ ಅಂಗಡಿಯೊಳಗೆ, ನನ್ನದೇ ಗೇಟಿಗಿಂತ ಎತ್ತರದ ಗಾಡಿ ಮಾಡಿದ್ದೆ.

ಗೇಟಿನ ಮೇಲೆ ಒಂದು ಕಬ್ಬಿಣದ ಕಮಾನು ಇದೆ. ಟ್ರೇಲರ್ ಒಳಗೆ ಬಂದಾಗ ಕಮಾನಿಗೂ ಅದರ ನೆತ್ತಿಗೂ ನಾಲ್ಕು ಬೆರಳು ಜಾಗ ಇತ್ತು. ನಾವು ಏರಿಸಿದ್ದು ಏಳು ಬೆರಳು. ರಸ್ತೆಯಲ್ಲಿ ಓಡಿಸಿ ನೋಡೋಣ ಅಂತ ಕಾರಿಗೆ ಕಟ್ಟಿ ಎಳೆಸಿದರೆ, ಕಮಾನಿಗೆ ಬಂದು ಠಣ್ ಅಂತ ನಿಂತಿತು.

ಕಮಾನು ಕತ್ತರಿಸಿ ಅಂದರು ಯಜಮಾನರು. ಅದು ನಾನು ಜೀವನದಲ್ಲಿ ಮಾಡಿದ ಮೊದಲ ವೆಲ್ಡಿಂಗ್. ಸೊಟ್ಟಗಿದೆ, ಆದರೂ ಅದರ ಮೇಲೆ ಕಟಿಂಗ್ ಮಿಷನ್ ಇಡಲು ನನಗೆ ಮನಸ್ಸು ಬರಲಿಲ್ಲ. ಚಕ್ರದ ಗಾಳಿ ಬಿಟ್ಟೆವು, ಒಂದು ಬೆರಳು ಇಳಿಯಿತು. ಇನ್ನೂ ಎರಡು ಬೆರಳು ಬೇಕು.

ಅಪ್ಪ ಕುರ್ಚಿಯಿಂದಲೇ ಹೇಳಿದರು. "ಬರೀ ಗಾಡಿ ಎತ್ತರ, ತುಂಬಿದ್ ಗಾಡಿ ತಗ್ಗು. ಭಾರ ಹಾಕ್ರಲಾ."

ಗುರುವಾರ ಮಧ್ಯಾಹ್ನ. ಮಹಡಿಯ ಮೇಲಿನ ನಮ್ಮ ಮನೆಯಲ್ಲಿ ನನ್ನ ಹೆಂಡತಿಯ ಮಹಿಳಾ ಸಂಘದ ಸಭೆ ನಡೆಯುತ್ತಿತ್ತು. ಅವಳೇ ಅಧ್ಯಕ್ಷೆ. ನಾನು ಮೆಟ್ಟಿಲ ಕೆಳಗೆ ನಿಂತು, ಎಷ್ಟು ಸಾಧ್ಯವೋ ಅಷ್ಟು ಮರ್ಯಾದೆಯಿಂದ ವಿಷಯ ತಿಳಿಸಿದೆ. ಮೇಲೆ ಮೊದಲು ನಗು, ಆಮೇಲೆ ಚರ್ಚೆ, ಆಮೇಲೆ ಹನ್ನೊಂದು ಜನ ಸಾಲಾಗಿ ಇಳಿದು ಬಂದರು.

"ನೀನ್ಯಾಕೆ ಸಹಾಯ ಮಾಡ್ತಿದೀಯಾ? ಪಂದ್ಯ ಕಟ್ಟಿರೋಳು ನೀನು" ಅಂತ ಮೆಲ್ಲಗೆ ಕೇಳಿದೆ.

"ಪಂದ್ಯ ಬೆಟ್ಟದ್ದು. ಗೇಟಲ್ಲೇ ಸೋತ್ರೆ ನನಗೆ ತಾನೇ ಅವಮಾನ? ಗಂಡನಿಗೆ ಸ್ವಂತ ಗೇಟಿನ ಅಳತೆ ಗೊತ್ತಿಲ್ಲ ಅಂತಾರೆ."

ಹನ್ನೊಂದು ಜನರೂ ಹತ್ತಿದರು. ಮಂಚದ ಮೇಲೆ ಆರು, ನೆಲದ ಮೇಲೆ ಐದು. ಸ್ಪ್ರಿಂಗ್ ಮೆಲ್ಲಗೆ ಉಸಿರು ಬಿಟ್ಟು ಕೂತಿತು. ಮೇಡಂ ಸೀಟಿ ಊದಿದರು, ಕಾರು ಇಂಚಿಂಚೇ ಎಳೆಯಿತು, ಗಾಡಿಯ ನೆತ್ತಿ ಕಮಾನನ್ನು ಸವರಿಕೊಂಡು ಆಚೆ ಬಂತು. ರಸ್ತೆಯಲ್ಲಿ ಸೇರಿದ್ದವರೆಲ್ಲ ಚಪ್ಪಾಳೆ ಹೊಡೆದರು. ಆದರೆ ಒಳಗಿದ್ದವರು ಇಳಿಯಲಿಲ್ಲ. ಫ್ಯಾನ್ ಚೆನ್ನಾಗಿದೆ, ಸಭೆ ಇಲ್ಲೇ ಮುಗಿಸುತ್ತೇವೆ ಅಂದರು. ಆಮೇಲೆ ಸಂಘದ ಪುಸ್ತಕ ನೋಡಿದೆ. ‘ಸಭೆ ಆರಂಭ: ಅಧ್ಯಕ್ಷರ ಮನೆ. ಮುಕ್ತಾಯ: ಅಧ್ಯಕ್ಷರ ಮನೆಯ ಎದುರಿನ ರಸ್ತೆ’ ಅಂತ ಬರೆದಿದ್ದರು.

ಅವತ್ತಿನಿಂದ ಗಾಡಿಯನ್ನು ಹೊರಗೇ, ಹೊಂಗೆ ಮರದ ಕೆಳಗೆ ನಿಲ್ಲಿಸಿದೆವು.

ಮೂವತ್ತು ಮೊಟ್ಟೆ

ಬೆಟ್ಟಕ್ಕೆ ಹೋಗುವ ಮೊದಲು ಪರೀಕ್ಷೆ ಆಗಬೇಕು ಅಂತ ಯಜಮಾನರು ಪಟ್ಟು ಹಿಡಿದರು. ಅದಕ್ಕೆ ದೂರ ಹೋಗಬೇಕಾಗಿರಲಿಲ್ಲ. ನಮ್ಮ ಅಡ್ಡರಸ್ತೆಯನ್ನು ಪೈಪು ಹಾಕಲು ಉದ್ದಕ್ಕೆ ಅಗೆದು, ಆಮೇಲೆ ಕೇಬಲ್ಲಿಗೆ ಅಂತ ಅಡ್ಡಕ್ಕೆ ಅಗೆದು, ಮಣ್ಣನ್ನು ಎರಡೂ ಕಡೆ ಗುಡ್ಡೆ ಹಾಕಿದ್ದರು. ಬೆಟ್ಟದಲ್ಲಿ ಇರುವುದೆಲ್ಲ ಅಲ್ಲೇ ಇತ್ತು.

ಮೂವತ್ತು ಮೊಟ್ಟೆಯ ಒಂದು ಟ್ರೇಯನ್ನು ಗಾಡಿಯ ಮಂಚದ ಮೇಲೆ ಇಟ್ಟು, ಮೇಡಂ ಕಾರು ಓಡಿಸಿದರು. ಉದ್ದದ ಗುಂಡಿ, ಅಡ್ಡದ ಗುಂಡಿ, ಮಣ್ಣಿನ ಗುಡ್ಡೆ, ಮೂರನ್ನೂ ದಾಟಿ ಸುತ್ತಿಕೊಂಡು ಬಂದರು. ಯಜಮಾನರು ಒಳಗೆ ಹೋಗಿ ಮೊಟ್ಟೆಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಮೂವತ್ತೂ ಇಟ್ಟ ಹಾಗೇ ಇದ್ದವು. ಒಂದಕ್ಕೂ ಕೂದಲೆಳೆ ಬಿರುಕಿಲ್ಲ.

ನಾನು ವೆಲ್ಡರನ್ನು ತಬ್ಬಿಕೊಂಡುಬಿಟ್ಟೆ. ಇಬ್ಬರೂ ಕುಣಿಯುವುದೊಂದು ಬಾಕಿ.

ಅಷ್ಟರಲ್ಲಿ ಹೂವಿನಂಗಡಿಯವಳು ಏನೋ ಹೊತ್ತುಕೊಂಡು ಬಂದಳು. "ಅಕ್ಕಾ, ಇದು ನಿಮ್ದಾ? ಅಡ್ಡದ ಗುಂಡೀಲಿ ಬಿದ್ದಿತ್ತು."

ಕಾರಿನ ಬಂಪರು. ನೋಡಿದರೆ ಸೈಲೆನ್ಸರೂ ಜೋತಾಡುತ್ತಿದೆ. ಎರಡು ತಿಂಗಳು ನಾವೆಲ್ಲ ಟ್ರೇಲರನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಿದ್ದೆವು. ಅದನ್ನು ಎಳೆಯುವ ಕಾರಿಗೆ ಹದಿನಾಲ್ಕು ವರ್ಷ ಆಗಿದೆ ಅನ್ನುವುದು ಯಾರಿಗೂ ಹೊಳೆದಿರಲಿಲ್ಲ.

ಯಜಮಾನರು ಬಂಪರನ್ನು ಕೈಗೆ ತೆಗೆದುಕೊಂಡು ಶಾಂತವಾಗಿ ಹೇಳಿದರು. "ಮುಂದಿನ ಸಲ ಕಾರನ್ನ ಟ್ರೇಯಲ್ಲಿ ಇಟ್ಟು, ಮೊಟ್ಟೆ ಕೈಲಿ ಎಳೆಸೋಣ."

ಅಡ್ಡಮಳೆಗೆ ಛತ್ರಿ

ಬಂಪರು, ಸೈಲೆನ್ಸರು ಬಿಗಿದದ್ದಾಯಿತು. ಆದರೆ ದೊಡ್ಡ ರಸ್ತೆಯಲ್ಲಿ ಸ್ವಲ್ಪ ಜೋರಾಗಿ ಹೋದರೆ ಗಾಡಿ ಹಿಂದೆ ಬಾಲ ಅಲ್ಲಾಡಿಸಲು ಶುರುಮಾಡುತ್ತಿತ್ತು. ಈ ಕಡೆ ಒಂದು ಸಲ, ಆ ಕಡೆ ಒಂದು ಸಲ, ಜೊತೆಗೆ ಕಾರನ್ನೂ ಎಳೆದಾಡುತ್ತಿತ್ತು. ಚಕ್ರ ನೋಡಿದೆ, ಬೇರಿಂಗ್ ನೋಡಿದೆ, ಅಚ್ಚು ಸೊಟ್ಟಗಿದೆಯಾ ಅಂತ ದಾರ ಹಿಡಿದು ನೋಡಿದೆ. ಎಲ್ಲ ಸರಿ. ನನಗೆ ಊಟ ಸೇರದಾಯಿತು. ಯಜಮಾನರು ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಲೆಕ್ಕ ಹಾಕತೊಡಗಿದರು.

ಅಪ್ಪ ಎರಡು ದಿನ ಕೂತಲ್ಲಿಂದಲೇ ನೋಡಿ, ಮೂರನೇ ದಿನ ಕುರ್ಚಿಯಿಂದ ಎದ್ದು ಬಂದರು. ಗಾಡಿಯ ಮುಂದಿನ ಮೂಕಿಯನ್ನು, ಅಂದರೆ ಕಾರಿಗೆ ಸಿಗಿಸುವ ಉದ್ದನೆ ಕಂಬಿಯನ್ನು, ಒಂದೇ ಕೈಯಲ್ಲಿ ಎತ್ತಿದರು. ಸಲೀಸಾಗಿ ಎದ್ದಿತು.

"ಹಿಂಬಾರ ಆಗದೆ. ಎತ್ತಿನ ಗಾಡೀಲಿ ಹಿಂಗೆ ಹಿಂದೆ ಭಾರ ಹಾಕಿದ್ರೆ ನೊಗ ಮೇಲಕ್ಕೆ ಹೋಯ್ತದೆ. ಎತ್ತಿಗೆ ಹಿಡಿತಾನೇ ಇರಲ್ಲ. ಹಿಂದಿರೋದ್ನ ಮುಂದಕ್ಕೆ ತಗೊಂಡ್ ಬಾ."

ಹಿಂದೆ ಇದ್ದದ್ದು ನಾನೇ ಹೊಸದಾಗಿ ಕೂರಿಸಿದ್ದ ನೀರಿನ ಟ್ಯಾಂಕು. ಅದನ್ನು ತಂದು ಅಚ್ಚಿನ ಮುಂದಕ್ಕೆ ಹಾಕಿದೆ. ಗಾಡಿ ಕಾರಿನ ಹಿಂದೆ ಗೆರೆ ಎಳೆದ ಹಾಗೆ ಬಂತು. ಮಾರನೇ ದಿನ ಯಜಮಾನರು ನಾಲ್ಕು ಪುಟದ ಪ್ರಿಂಟ್ ಹಿಡಿದು ಓಡಿ ಬಂದರು. ಗ್ರಾಫೂ ಇತ್ತು. "ಸಿಕ್ತು! ಟ್ಯಾಂಕ್ ಮುಂದೆ ಇರ್ಬೇಕು!"

ಅಪ್ಪ ನನ್ನ ಕಿವಿಯಲ್ಲಿ, ಆದರೆ ಎಲ್ಲರಿಗೂ ಕೇಳುವ ಹಾಗೆ, ಕೇಳಿದರು: "ಇವ್ರ ಮನೇಲಿ ದೊಡ್ಡೋರು ಯಾರೂ ಇಲ್ವಾ?"

ಆಮೇಲೆ ತಮ್ಮ ಫೀಸು ಕೇಳಿದರು. ಗಾಡಿಗೆ ಎತ್ತು ಕಟ್ಟಲು ಜಾಗ ಬೇಕಂತೆ. ಮೂಕಿಯ ಕೆಳಗೆ ಒಂದು ದಪ್ಪ ಪೈಪು ಬೆಸೆದರೆ ಸಾಕು, ಅದಕ್ಕೊಂದು ಗಳ ತೂರಿಸಿ ನೊಗ ಕಟ್ಟಬಹುದಂತೆ. ಕಾರಿದೆಯಲ್ಲಪ್ಪಾ ಅಂದೆ. "ಬಂಪರ್ ಬೀಳ್ಸ್ಕೊಂಡ್ ಬಂತಲ್ಲ, ಅದಾ?" ಅಂದರು. ಹಿರಿಯರ ಆಸೆ, ಬೆಸೆದುಬಿಟ್ಟೆ.

ಮೇಡಂ ಅದನ್ನೂ ಪತ್ತೆ ಮಾಡಿದರು. "ಈ ಪೈಪ್ ಯಾಕೆ?"

ಎತ್ತಿಗೆ ಅನ್ನಲು ನಾಲಿಗೆ ಏಳಲಿಲ್ಲ. "ಛತ್ರಿ ಸಿಗಿಸೋಕೆ ಮೇಡಂ."

"ಇದು ಅಡ್ಡ ಇದೆಯಲ್ಲ?"

"ಒಂದೊಂದ್ ಸಲ ಮಳೆ ಅಡ್ಡ ಬರತ್ತಲ್ಲ ಮೇಡಂ, ಅದಕ್ಕೆ."

ಸೀಟಿ ಊದಬೇಡಿ

ಹೊರಡುವ ದಿನ ಚಕ್ರಕ್ಕೆ ನಿಂಬೆಹಣ್ಣಿಟ್ಟು, ಮೇಡಂ, ಯಜಮಾನರು, ನಾನು, ಅಪ್ಪ ನಾಲ್ವರೂ ಹೊರಟೆವು. ನಾನು ಹೋದದ್ದು ಹೆದರಿಕೆಯಿಂದ. ಅಪ್ಪ ಹೊರಟದ್ದು ತಮ್ಮ ಗಾಡಿ ಅಂತ. ಬೀಳ್ಕೊಡಲು ಬಂದಿದ್ದ ಹೋಟೆಲಿನವರು ನನ್ನ ಕೈ ಹಿಡಿದು, "ನಿಧಾನವಾಗಿ ಬನ್ನಿ ಅಣ್ಣ, ಅವಸರ ಏನಿಲ್ಲ. ನಾನು ಅಂಗಡಿ ನೋಡ್ಕೋತಿರ್ತೀನಿ" ಅಂದರು.

ಬೆಟ್ಟದ ದಾರಿ ಶುರುವಾದ ಮೇಲೆ ನಾನು ಇಳಿದು ಗಾಡಿಯ ಪಕ್ಕದಲ್ಲೇ ನಡೆದೆ. ಏನು ಹೇಳಲಿ! ಒಂದು ಚಕ್ರ ಬಂಡೆ ಹತ್ತಿದರೆ ಇನ್ನೊಂದು ಕೊರಕಲಿಗೆ ಇಳಿಯುತ್ತಿತ್ತು, ಮೈ ಮಾತ್ರ ಅಲುಗಲಿಲ್ಲ. ಕೊಂಡಿ ಹೇಳಿದ ಹಾಗೆ ತಿರುಗುತ್ತಿತ್ತು. ಒಂದು ಕಡೆ ಹೊಟ್ಟೆಗೆ ಕಲ್ಲು ಕರ್ ಅಂತ ಉಜ್ಜಿತು. ಬಗ್ಗಿ ನೋಡಿದರೆ ಒಂದು ನವಿಲಿನ ಜುಟ್ಟು ಹೋಗಿತ್ತು, ಅಷ್ಟೇ. ನನ್ನ ಗ್ರಿಲ್ ಅಂಗಡಿಯಲ್ಲಿ ಹುಟ್ಟಿದ ಗಾಡಿ ಇದು ಅಂತ ದಾರಿಯ ಕುರಿಗಳಿಗೂ ಕೂಗಿ ಹೇಳಬೇಕು ಅನ್ನಿಸಿತು.

ಕೊನೆಯ ಏರು ಬಂತು. ಅರ್ಧ ಹತ್ತುವಷ್ಟರಲ್ಲಿ ಸುಟ್ಟ ವಾಸನೆ. ಕಾರು ಒಂದು ಸಲ ಕೆಮ್ಮಿ ನಿಂತಿತು. ಕ್ಲಚ್ ಸುಟ್ಟುಹೋಗಿತ್ತು.

ಮೇಡಂ ಸ್ಟೇರಿಂಗ್ ಮೇಲೆ ಹಣೆ ಇಟ್ಟರು. ಮೇಲಿನ ಬಂಡೆ ಅಲ್ಲಿಂದಲೇ ಕಾಣುತ್ತಿತ್ತು. ಯಜಮಾನರಿಗೆ ಆ ಏರು ನಡೆಯಲಾಗುವುದಿಲ್ಲ. "ಇರ್ಲಿ ಬಿಡು, ಇಲ್ಲೀ ತನಕ ಬಂದ್ವಲ್ಲ" ಅಂತ ಅವರು ಮೇಡಂ ಬೆನ್ನು ತಟ್ಟಿದರು. ನಾನು ಗಾಡಿಯ ಚಕ್ರದ ಹಿಂದೆ ಕಲ್ಲು ಕೊಟ್ಟೆ. ಅಂಗಡಿಯ ಯೋಚನೆ ಆ ಹೊತ್ತಿಗೆ ಬರಲಿಲ್ಲ ಅಂದರೆ ಸುಳ್ಳಾಗುತ್ತದೆ, ಆದರೆ ಮೊದಲು ಬರಲಿಲ್ಲ.

ಅಪ್ಪ ಎಲ್ಲಿ ಅಂತ ನೋಡಿದರೆ, ಕೆಳಗಿನ ಹೊಲದಲ್ಲಿ ಒಬ್ಬ ರೈತನ ಜೊತೆ ಬೀಡಿ ಹಚ್ಚುತ್ತಾ ನಿಂತಿದ್ದಾರೆ. ಸ್ವಲ್ಪ ಹೊತ್ತಿಗೆ ಇಬ್ಬರೂ ಮೇಲೆ ಬಂದರು. ರೈತನ ಹೆಗಲ ಮೇಲೆ ಒಂದು ನೀಲಗಿರಿ ಗಳ. ಹಿಂದೆ ಒಂದು ಜೊತೆ ಬಿಳಿ ಎತ್ತು.

ಕಾರನ್ನು ಬಿಚ್ಚಿ, ಎತ್ತಿನಿಂದಲೇ ಎಳೆಸಿ ಪಕ್ಕಕ್ಕೆ ನಿಲ್ಲಿಸಿದೆವು. ಗಳ ಪೈಪಿನೊಳಗೆ ಅಳತೆ ತೆಗೆದ ಹಾಗೆ ಕೂತಿತು. ಅಪ್ಪ ಪಿನ್ನು ಬಡಿದು, ನೊಗ ಕಟ್ಟಿ, ನನ್ನ ಕಡೆ ನೋಡಿದರು. ಮೇಡಂ ಕೂಡ ನನ್ನ ಕಡೆ ನೋಡಿದರು.

"ಛತ್ರಿ ಸಖತ್ತಾಗಿದೆ" ಅಂದರು.

ಯಜಮಾನರನ್ನು ಒಳಗೆ ಮಂಚದ ಮೇಲೆ ಕೂರಿಸಿದೆವು. ಅಪ್ಪ ಮೂಕಿಯ ಮೇಲಿದ್ದ ಸಾಮಾನಿನ ಪೆಟ್ಟಿಗೆ ಹತ್ತಿ ಕೂತು ಹಗ್ಗ ಹಿಡಿದರು. ಮೇಡಂ ಅಭ್ಯಾಸಬಲದಿಂದ ಸೀಟಿ ಊದಿದರು. ಎರಡೂ ಎತ್ತು ಗಕ್ಕನೆ ನಿಂತವು, ಅಸೆಂಬ್ಲಿಯಲ್ಲಿ ನಿಂತ ಮಕ್ಕಳ ಹಾಗೆ. ಏನು ಮಾಡಿದರೂ ಅಲ್ಲಾಡಲಿಲ್ಲ.

"ಅಮ್ಮಾ, ನೀವು ಊದ್ಬೇಡಿ. ಅವು ನಿಮ್ಮ ಸ್ಕೂಲಲ್ಲಿ ಓದಿಲ್ಲ" ಅಂದರು ಅಪ್ಪ.

ಮೇಡಂ ಸೀಟಿಯನ್ನು ಬ್ಯಾಗಿಗೆ ಹಾಕಿದರು. ಅಪ್ಪ ‘ಹೋ’ ಅಂದರು. ಗಾಡಿ ಮೇಲೇರಿತು, ಕಿಟಕಿಯಲ್ಲಿ ಯಜಮಾನರು ಮದುವೆ ಗಂಡಿನ ಹಾಗೆ ಕೈ ಬೀಸುತ್ತಿದ್ದರು. ಬಂಡೆಯ ಮೇಲೆ ನಿಲ್ಲಿಸಿದಾಗ ಬಿಸಿಲು ಇಳಿಯುತ್ತಿತ್ತು. ಮೇಡಂ ಬಾಗಿಲ ಮೆಟ್ಟಿಲ ಮೇಲೆ ಕೂತರು, ಯಜಮಾನರು ಮಂಚದ ಮೇಲೆ ಕಾಲು ಚಾಚಿದರು. ಐದು ವರ್ಷದ ಮೇಲೆ ಅದೇ ಜಾಗ. ನನಗೆ ಕಣ್ಣು ತುಂಬಿಬಂತು. ಅಪ್ಪ ನೋಡಿಬಿಟ್ಟರು. ಒಲೆಯ ಹೊಗೆ ಅಂದೆ.

"ಒಲೆ ಇನ್ನೂ ಹಚ್ಚಿಲ್ಲ ಕಣ್ಲಾ" ಅಂದರು.

ಚಕ್ರ ಎಣಿಸ್ಕೊಳಮ್ಮ

ನಾನೂ ಅಪ್ಪನೂ ರೈತನ ಮನೆಯಲ್ಲಿ ಮಲಗಿದ್ದು ಬೆಳಿಗ್ಗೆ ಎತ್ತು ಕಟ್ಟಿ ಗಾಡಿ ಇಳಿಸಿದೆವು. ಕಾರಿಗೆ ಮಾತ್ರ ಬೇರೆ ದಾರಿ ಇರಲಿಲ್ಲ. ಪೇಟೆಯಿಂದ ಒಂದು ಲಾರಿ ತರಿಸಿ, ಮೇಲೆ ಎಳೆದು ಕಟ್ಟಿಸಿದೆವು. ಲಾರಿಯ ಹಿಂದೆ ದಪ್ಪ ಕೊಕ್ಕೆ ಇತ್ತು. ನಮ್ಮ ಉಕ್ಕಿನ ಬಳೆ ಅದಕ್ಕೆ ಸಲೀಸಾಗಿ ಕೂತಿತು. ಲಾರಿ, ಅದರ ಮೇಲೆ ಕಾರು, ಅದರ ಹಿಂದೆ ನಮ್ಮ ಗಾಡಿ, ಹೀಗೆ ಮೆರವಣಿಗೆ ಹೊರಟಿತು.

ಲಾರಿಯಲ್ಲಿ ಬರುತ್ತಿದ್ದೇವೆ ಅಂತ ಅಪ್ಪ ಫೋನಿನಲ್ಲಿ ಹೇಳಿಬಿಟ್ಟಿದ್ದರು. ಅಷ್ಟೇ ಹೇಳಿದ್ದರು. ನಮ್ಮ ಅಡ್ಡರಸ್ತೆಗೆ ತಿರುಗುವಾಗ ನೋಡುತ್ತೇನೆ, ಅಂಗಡಿಯ ಮುಂದೆ ಜನವೋ ಜನ. ಹೋಟೆಲಿನವರು ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿ, ಶುಭ ಸಮಾಚಾರಕ್ಕೆ ಅಂತ ಒಂದು ದೊಡ್ಡ ಡಬರಿಯಲ್ಲಿ ಕೇಸರಿಬಾತ್ ಮಾಡಿಸಿಕೊಂಡು ಬಂದಿದ್ದಾರೆ. ನನ್ನ ಹೆಂಡತಿಯ ಕೈಯಲ್ಲಿ ಬೀಗದ ಕೈ ಇದೆ. ಆದರೆ ಅವಳ ಮುಖದಲ್ಲಿ ಗೆದ್ದ ಕಳೆ ಇಲ್ಲ. ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದಾಳೆ, ಯಾರಾದರೂ ಕಿತ್ತುಕೊಂಡರೆ ಅನ್ನುವ ಹಾಗೆ.

ಲಾರಿ ಪೂರ್ತಿ ತಿರುಗಿತು. ಮೇಲೆ ಕಾರು ಕಂಡಿತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಹಿಂದಿನಿಂದ, ಉದ್ದದ ಗುಂಡಿ ದಾಟಿ, ಅಡ್ಡದ ಗುಂಡಿ ದಾಟಿ, ಮೈತುಂಬ ಕೆಂಪು ಧೂಳು ಮೆತ್ತಿಕೊಂಡು ನಮ್ಮ ಗಾಡಿ ಬಂತು.

ಅಪ್ಪ ಲಾರಿಯ ಕ್ಯಾಬಿನ್ನಿನಿಂದ ಮೆಲ್ಲಗೆ ಇಳಿದು, ಸೊಸೆಯ ಮುಂದೆ ನಿಂತರು.

"ಚಕ್ರ ಎಣಿಸ್ಕೊಳಮ್ಮ. ಎರಡೂ ನೆಲದ ಮೇಲವೆ."

ಅವಳು ನಿಜವಾಗಿಯೂ ಬಗ್ಗಿ ನೋಡಿದಳು. ಎದ್ದು ನಿಂತು ಬೀಗದ ಕೈಯನ್ನು ನನ್ನ ಜೇಬಿಗೆ ಹಾಕಿದಳು. ಆಮೇಲೆ ತಡೆಯಲಾರದೆ ಜೋರಾಗಿ ನಕ್ಕಳು. ನನ್ನ ಜೀವಮಾನದಲ್ಲಿ ನಾನು ಅಷ್ಟು ಗೆದ್ದದ್ದು ಅದೇ ಮೊದಲು.

ಕಾರು ರಿಪೇರಿಗೆ ಹೋಗಬೇಕು, ಹೊಂಗೆ ಮರದ ಕೆಳಗೆ ಆಗಲೇ ಹೊಸ ಗುಂಡಿ ತೋಡಿದ್ದರು. ಗಾಡಿಯನ್ನು ಅಂಗಡಿಯ ಒಳಗೇ ಬಿಡಬೇಕಾಯಿತು. ಮತ್ತೆ ಅದೇ ಕಮಾನು, ಅದೇ ಮೂರು ಬೆರಳು. ಒಂದು ಬೆರಳು ಗಾಳಿ ಬಿಟ್ಟೆವು. ಯಾರೂ ಕರೆಯದೆಯೇ ಸಂಘದವರು ಸೆರಗು ಸಿಕ್ಕಿಸಿಕೊಂಡು ಹತ್ತಿದರು. ಆದರೆ ಅವತ್ತು ಇಬ್ಬರು ಊರಲ್ಲಿರಲಿಲ್ಲ. ಒಂಬತ್ತೇ ಜನ. ಗಾಡಿ ಇಳಿಯಿತು, ಇನ್ನೂ ಅರ್ಧ ಬೆರಳು ಸಾಲದಾಯಿತು.

ಎಲ್ಲರ ಕಣ್ಣೂ ಒಟ್ಟಿಗೆ ಹೋಟೆಲಿನವರ ಮೇಲೆ ಬಿತ್ತು.

ಅವರು ತಮ್ಮ ಡಬರಿ ನೋಡಿದರು, ಷರಟು ನೋಡಿಕೊಂಡರು, ನಿಟ್ಟುಸಿರು ಬಿಟ್ಟು ಮೆಟ್ಟಿಲ ಮೇಲೆ ಕಾಲಿಟ್ಟರು. ಅವರು ಪೂರ್ತಿ ಒಳಗೆ ಹೋಗುವ ಮೊದಲೇ ಗಾಡಿ ಇಳಿದು ಕೂತಿತು. ಮೇಡಂ ಸೀಟಿ ಊದಿದರು. ರಸ್ತೆಯವರೆಲ್ಲ ಸೇರಿ ತಳ್ಳಿದೆವು. ಕಮಾನಿನ ಕೆಳಗೆ ದಾಟುವಾಗ ಒಳಗಿನಿಂದ ಟೇಪು ಎಳೆದ ಸದ್ದು ಕೇಳಿತು. ಆಮೇಲೆ ಕಿಟಕಿಯಲ್ಲಿ ಅವರ ಮುಖ ಕಾಣಿಸಿತು.

"ಅಣ್ಣ, ಇಂಥದ್ದು ಒಂದು ನನಗೆ ಮಾಡ್ಕೊಡಿ. ಈ ಕಿಟಕೀಲಿ ದೋಸೆ ಆರಾಮಾಗಿ ಕೊಡಬಹುದು."

ಕೇಸರಿಬಾತನ್ನು ಯಾಕೆ ಹಾಳು ಮಾಡುವುದು ಅಂತ ಎಲ್ಲರೂ ಅಂಗಡಿಯೊಳಗೇ ನಿಂತುಕೊಂಡು ತಿಂದೆವು. ತುಪ್ಪ ಧಾರಾಳವಾಗಿ ಹಾಕಿಸಿದ್ದರು ಪುಣ್ಯಾತ್ಮರು. ತಿಂದಾದ ಮೇಲೆ ಕೈಯೆಲ್ಲ ಜಿಡ್ಡು. ನೀರೆಲ್ಲಿ ಅಂತ ಹೋಟೆಲಿನವರು ಹುಡುಕುತ್ತಿದ್ದರು. ಗಾಡಿಯ ಹೊರಗಿನ ನಲ್ಲಿ ತೋರಿಸಿದೆ. ಅವರು ಹೋಗಿ ನಲ್ಲಿ ತಿರುಗಿಸಿ, ಕೈ ಉಜ್ಜಿಕೊಳ್ಳುತ್ತಾ ತಲೆ ಎತ್ತಿದರು. ಹಾಗೇ ನಿಂತುಬಿಟ್ಟರು. ಎದುರಿನ ಗೋಡೆಯ ಮೇಲೆ, ಮೂಗಿನ ನೇರಕ್ಕೆ, ಸೀಮೆಸುಣ್ಣದ ಚೌಕ. ಒಳಗೆ ಅವರದೇ ಅಕ್ಷರದಲ್ಲಿ ‘ಕೈ ತೊಳೆಯುವ ಜಾಗ’.

ನನ್ನ ಹೆಂಡತಿ ಟವೆಲ್ ಕೊಡುತ್ತಾ ಹೇಳಿದಳು. "ನೋಡಿ ಅಣ್ಣ, ನೀವು ಹೇಳಿದ ಜಾಗದಲ್ಲೇ ಮಾಡಿಸಿದೀವಿ."